ಜೋಡಿದಿಂಬು

ಹಾಸಿಗೆ ಅಂಗಡಿಯ ಸೊಸೆಯರನ್ನು ಆ ಬೀದಿಯಲ್ಲಿ ಬಿಡಿಬಿಡಿಯಾಗಿ ಕರೆದವರೇ ಇಲ್ಲ. ಎದುರಿನ ಬೀಗ ರಿಪೇರಿಯವನು ಇಬ್ಬರಿಗೂ ಸೇರಿಸಿ ಒಂದೇ ಹೆಸರಿಟ್ಟಿದ್ದ: ಜೋಡಿದಿಂಬು. ಹೆಸರು ಇಟ್ಟವನಿಗೆ ಬಯ್ಯಲೂ ಆಗುತ್ತಿರಲಿಲ್ಲ, ಏಕೆಂದರೆ ಮಾತು ನಿಜವಾಗಿತ್ತು. ಇಬ್ಬರೂ ಒಂದೇ ಎತ್ತರ, ಒಂದೇ ಅಗಲ. ಇಬ್ಬರ ಏಪ್ರನ್ನಿನ ಮುಂದೂ ಒಂದೇ ಬಗೆಯ ಹೊಟ್ಟೆ. ದೊಡ್ಡ ಸೊಸೆ ಮೂರು ಹೆತ್ತವಳು. ಚಿಕ್ಕ ಸೊಸೆ ಒಂದೇ ಏಟಿಗೆ ಅವಳಿ ಹೆತ್ತವಳು. ಇಬ್ಬರೂ ಒಮ್ಮೆ ಒಟ್ಟಿಗೆ ಹಿಂಬಾಗಿಲಿನಿಂದ ಹೊರಬರಲು ಹೋಗಿ ಚೌಕಟ್ಟಿನಲ್ಲಿ ಸಿಕ್ಕಿಕೊಂಡು, ನಗು ತಡೆಯಲಾರದೆ ಹಿಂದೆಯೂ ಹೋಗಲಾಗದೆ ಮುಂದೆಯೂ ಬರಲಾಗದೆ ನಿಂತಿದ್ದನ್ನು ಬೀಗದವನು ಬಂದವರಿಗೆಲ್ಲ ಹೇಳುತ್ತಿದ್ದ. ಕೇಳಿದಾಗಲೆಲ್ಲ ದೊಡ್ಡವಳಿಗೆ ಒಳಗೊಳಗೇ ಖುಷಿ. ನಗೆಪಾಟಲಾದರೂ ಜೊತೆಗೊಬ್ಬಳಿದ್ದರೆ ಅದು ಅರ್ಧ ಹಬ್ಬ.

ಹಾಗಾಗಿ ಚಿಕ್ಕವಳು ಆ ಮಧ್ಯಾಹ್ನ ಹತ್ತಿಯ ರಾಶಿಯ ಆಚೆಯಿಂದ, "ಅಕ್ಕಾ, ನಾನು ಹೊಟ್ಟೆ ಆಪರೇಷನ್ ಮಾಡಿಸ್ಕೊಳ್ತಾ ಇದೀನಿ," ಎಂದಾಗ ದೊಡ್ಡವಳಿಗೆ ಮೊದಲು ಬಂದದ್ದು ಗಾಬರಿ.

"ಯಾಕೇ? ಗೆಡ್ಡೆನಾ?"

"ಗೆಡ್ಡೆನೂ ಇಲ್ಲ ಗಿಡ್ಡೆನೂ ಇಲ್ಲ. ಇದನ್ನ ತೆಗೆಸ್ತೀನಿ." ಚಿಕ್ಕವಳು ಎರಡೂ ಕೈಯಿಂದ ಹೊಟ್ಟೆಯ ಮಡಿಕೆಯನ್ನು ಹಿಡಿದು, ಗೌಸಿನೊಳಗಿನ ಹತ್ತಿಯನ್ನು ತೂಗಿ ನೋಡುವಂತೆ ಎತ್ತಿ ಬಿಟ್ಟಳು. "ಮಡಿಕೆ ಒಳಗೆ ಬೆವರಿ ಬೆವರಿ ಹುಣ್ಣಾಗುತ್ತೆ. ಬೆನ್ನು ಹಿಡ್ಕೊಂಡ್ರೆ ಎರಡು ದಿನ ಏಳಕ್ಕಾಗಲ್ಲ. ಅವಳಿ ಹೊತ್ತಾಗ ಒಳಗಿನ ಸ್ನಾಯು ಬಿಟ್ಕೊಂಡಿದೆಯಂತೆ. ಅದು ತಾನಾಗಿ ಕೂಡಲ್ಲವಂತೆ. ನಮ್ಮಣ್ಣ ನಾನು ಮಾಡಿಸ್ತೀನಿ ಅಂದಿದಾನೆ."

ಗಾಬರಿ ಇಳಿದ ಜಾಗಕ್ಕೆ ಬೇರೇನೋ ಬಂದು ಕೂತಿತು. ದೊಡ್ಡವಳು ಅದರ ಮುಖ ನೋಡಲಿಲ್ಲ. ಕೋಲು ಎತ್ತಿಕೊಂಡು ಹತ್ತಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು.

"ನನಗೂ ಬೆನ್ನು ನೋಯುತ್ತೆ," ಎಂದಳು.

"ಗೊತ್ತಕ್ಕಾ. ಅದಕ್ಕೇ ನೀನೇ ಬರಬೇಕು ನನ್ ಜೊತೆ. ಡಾಕ್ಟ್ರ ಮುಂದೆ ನನಗೆ ಅರ್ಧ ಕೇಳಿಸಲ್ಲ, ಇನ್ನರ್ಧ ನೆನಪಿರಲ್ಲ. ನೀನಾದ್ರೆ ಎಲ್ಲಾ ನೋಡ್ತೀಯ."

ಧೂಳು ಎದ್ದಿತ್ತು. ಹಳೆಯ ಹಾಸಿಗೆ ಬಿಚ್ಚಿದರೆ ಅದರೊಳಗಿನ ವರ್ಷಗಳೆಲ್ಲ ಮೂಗಿಗೆ ಬರುತ್ತವೆ. ಅದಕ್ಕೆ ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಹಾಸಿಗೆ ಬಿಚ್ಚಿ ಹತ್ತಿ ಬಡಿದಾದ ಕೂಡಲೇ ಒಂದು ಚಿಟಿಕೆ ನಶ್ಯ. ನಶ್ಯ ಎಂದು ಯಾರೂ ಅನ್ನುತ್ತಿರಲಿಲ್ಲ, 'ಪುಡಿ' ಎನ್ನುತ್ತಿದ್ದರು. ಸೀನು ಬಂದು ಮೂಗು ಬಿಟ್ಟರೆ ಮುಂದಿನ ಕೆಲಸ. "ಮೂಗು ಕಟ್ಟಿದ್ರೆ ಕೈ ಕಟ್ಟಿದ ಹಾಗೆ," ಎನ್ನುತ್ತಿದ್ದಳು ಅತ್ತೆ. ಪುಡಿಯ ಡಬ್ಬಿ ಒಂದೇ. ಅದು ಯಾರ ಜೇಬಿನಲ್ಲಿರುತ್ತದೋ ಅಂಗಡಿಯ ಯಜಮಾನಿಕೆ ಅವರದು. ಅತ್ತೆ ಮಂಡಿನೋವಿಗೆ ಕುರ್ಚಿ ಹಿಡಿದ ದಿನ, ಬೀಗದ ಕೈಗಿಂತ ಮೊದಲು ಆ ಹಿತ್ತಾಳೆ ಡಬ್ಬಿಯನ್ನು ದೊಡ್ಡ ಸೊಸೆಯ ಏಪ್ರನ್ನಿನ ಜೇಬಿಗೆ ಹಾಕಿದ್ದಳು. ಚಿಕ್ಕವಳು ಬೇಕಾದಾಗ ಕೈ ಚಾಚುತ್ತಿದ್ದಳು. ದೊಡ್ಡವಳು ಮುಚ್ಚಳ ತೆರೆದು ಕೊಡುತ್ತಿದ್ದಳು.

ಅಂದೂ ಚಿಕ್ಕವಳು ಕೈ ಚಾಚಿದಳು. ದೊಡ್ಡವಳು ಕೊಟ್ಟಳು. ಇಬ್ಬರೂ ಒಟ್ಟಿಗೆ ಸೀನಿದರು.

"ಹೇಳು, ಬರ್ತೀಯ ತಾನೆ?"

"ಬರದೆ ಏನ್ಮಾಡ್ಲಿ," ಎಂದಳು ದೊಡ್ಡವಳು.

*

ಡಾಕ್ಟರಮ್ಮನ ಕೋಣೆ ಬೆಳ್ಳಗಿತ್ತು. ಕಿಟಕಿಯ ಪರದೆ, ಗೋಡೆ, ಮೇಜು, ಮೇಜಿನ ಮೇಲಿನ ಹೂದಾನಿ, ಎಲ್ಲ ಬಿಳಿ. ಹತ್ತಿಯ ನಡುವೆಯೇ ಬದುಕಿದ ದೊಡ್ಡವಳಿಗೂ ಇಷ್ಟು ಬಿಳಿ ನೋಡಿ ಕಣ್ಣು ಚುಚ್ಚಿತು. ಡಾಕ್ಟರಮ್ಮನ ಕೈಗಳು ಚಿಕ್ಕವು, ಉಗುರು ಮೊಟಕು. ಹೊಲಿಗೆಯವರ ಕೈ, ಎಂದುಕೊಂಡಳು.

"ಮೊದಲು ಒಂದು ಮಾತು ತಲೇಲಿರ್ಲಿ," ಎಂದರು ಡಾಕ್ಟರಮ್ಮ. "ಇದು ತೂಕ ಇಳಿಸೋ ಆಪರೇಷನ್ ಅಲ್ಲ. ಜೋತು ಬಿದ್ದಿರೋ ಚರ್ಮ ತೆಗೀತೀವಿ. ಬಿಟ್ಕೊಂಡಿರೋ ಸ್ನಾಯುನ ಒಳಗಿಂದ ಹತ್ತಿರ ತಂದು ಹೊಲೀತೀವಿ. ಉಳಿದ ಚರ್ಮನ ಕೆಳಗೆಳೆದು ಕೂಡಿಸ್ತೀವಿ. ಹೊಕ್ಕುಳ ಇದ್ದಲ್ಲೇ ಇರುತ್ತೆ, ಮೇಲೆ ಬಂದ ಚರ್ಮದಲ್ಲಿ ಅದಕ್ಕೆ ಹೊಸ ತೂತು ಮಾಡ್ತೀವಿ."

"ಅಂದ್ರೆ ಗುಂಡಿ ಅಲ್ಲೇ, ಕಾಜಾ ಮಾತ್ರ ಹೊಸದು!" ಎಂದಳು ಚಿಕ್ಕವಳು.

ಡಾಕ್ಟರಮ್ಮ ನಕ್ಕುಬಿಟ್ಟರು. "ಹಾಗೇ ಅಂದ್ಕೊಳ್ಳಿ. ಈ ಸೊಂಟದಿಂದ ಆ ಸೊಂಟದ ತನಕ ಒಂದು ಗೆರೆ ಉಳಿಯುತ್ತೆ. ವರ್ಷ ಕಳೆದ ಹಾಗೆ ಮಾಸುತ್ತೆ, ಅಳಿಸಿ ಹೋಗಲ್ಲ. ಅದಕ್ಕೆ ನಿಮಗೆ ಒಪ್ಪಿಗೆನಾ?"

"ಈಗಿರೋ ಗೆರೆಗಳನ್ನ ನೋಡಿದ್ರೆ ಅದು ಯಾವ ಲೆಕ್ಕ ಡಾಕ್ಟ್ರೇ."

"ಇನ್ನು ಮಕ್ಕಳು ಬೇಕು ಅನ್ನೋ ಯೋಚನೆ ಇದ್ರೆ ಈಗ ಬೇಡ. ಮತ್ತೆ ಬಸುರಾದ್ರೆ ಮಾಡಿದ್ದೆಲ್ಲ ಹಿಗ್ಗಿ ಹೋಗುತ್ತೆ."

"ಅಯ್ಯೋ, ಇರೋ ಎರಡನ್ನ ಬೇಕಾದ್ರೆ ನೀವೇ ಇಟ್ಕೊಳ್ಳಿ."

ದೊಡ್ಡವಳು ಕುರ್ಚಿಯ ತುದಿಯಲ್ಲಿ ಕೂತು ಒಂದೊಂದನ್ನೂ ಕೇಳಿಸಿಕೊಂಡಳು. ಆಪರೇಷನ್ ಆದ ಮೇಲೆ ಕೆಲವು ದಿನ ನೆಟ್ಟಗೆ ನಿಲ್ಲಲಾಗುವುದಿಲ್ಲ, ಬಗ್ಗಿಯೇ ನಡೆಯಬೇಕು. ಒಳಗೆ ಕೂಡುವ ನೀರು ಇಳಿಯಲು ಪಕ್ಕದಲ್ಲಿ ಕೊಳವೆ ಇಟ್ಟಿರುತ್ತಾರೆ, ಅದರ ತುದಿಯ ಪ್ಲಾಸ್ಟಿಕ್ ಬುರುಡೆಯನ್ನು ಖಾಲಿ ಮಾಡುತ್ತಿರಬೇಕು. ಬಿಗಿಯಾದ ಪಟ್ಟಿ ಕಟ್ಟಿಕೊಂಡಿರಬೇಕು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಆಗಾಗ ಎದ್ದು ಓಡಾಡಬೇಕು. ಕಾಲು ಊದಿಕೊಂಡರೆ, ಉಸಿರು ಹಿಡಿದರೆ ತಡ ಮಾಡದೆ ಓಡಿ ಬರಬೇಕು.

"ಭಾರ ಎತ್ತೋ ಹಾಗಿಲ್ಲ. ಹಾಸಿಗೆ ಕೆಲಸದವರು ಅಂದ್ರಲ್ಲ? ಹಾಸಿಗೆ ಮುಟ್ಟಲೇಬೇಡಿ."

"ಮಲಗಕ್ಕೂ ಮುಟ್ಟಬಾರದಾ?"

"ಮಲಗಕ್ಕೆ ಮುಟ್ಟಿ." ಡಾಕ್ಟರಮ್ಮನಿಗೆ ಚಿಕ್ಕವಳು ಹಿಡಿಸಿಬಿಟ್ಟಿದ್ದಳು, ಅದು ಕಾಣುತ್ತಿತ್ತು. ಎಲ್ಲರಿಗೂ ಹಿಡಿಸುತ್ತಿದ್ದಳು. "ಸಿಗರೇಟು ಗಿಗರೇಟು ಸೇದಲ್ಲ ತಾನೆ?"

"ನಮ್ಮನೇಲಿ ಗಂಡಸ್ರೇ ಸೇದಲ್ಲ ಡಾಕ್ಟ್ರೇ."

"ತಂಬಾಕು ಜಗಿಯೋದು?"

"ಥೂ!"

ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಪುಡಿ ತಂಬಾಕು ಎಂಬುದು ಅವರ ತಲೆಗೇ ಬರಲಿಲ್ಲ. ಅದು ಧೂಳಿಗೆ ಮದ್ದು. ಕೋಲು, ದಬ್ಬಣ, ದಾರ, ಪುಡಿ. ಅಂಗಡಿಯ ಸಾಮಾನುಗಳಲ್ಲಿ ಅದೂ ಒಂದು.

ಮಾತು ಮುಗಿಯುವ ಹೊತ್ತಿಗೆ ದೊಡ್ಡವಳು ತನಗೇ ಗೊತ್ತಿಲ್ಲದೆ ಬಾಯಿ ತೆರೆದಳು. "ನನಗೂ ಆಗುತ್ತಾ ಡಾಕ್ಟ್ರೇ?"

ಚಿಕ್ಕವಳು ತಿರುಗಿ ನೋಡಿದಳು. ಡಾಕ್ಟರಮ್ಮನೂ ನೋಡಿದರು. ಮುಖ ಅಲ್ಲ, ಕಾಲಿನ ಬೆರಳಿನ ಮೇಲಿದ್ದ, ಎಷ್ಟು ದಿನವಾದರೂ ಮಾಯದ ದಬ್ಬಣದ ಗಾಯ ನೋಡಿದರು.

"ಸಕ್ಕರೆ ಇದೆಯಾ?"

"ಇದೆ."

"ಎಷ್ಟಿದೆ?"

"ಬೇಕಾದಷ್ಟಿದೆ."

"ಮೊದಲು ಅದನ್ನ ಹತೋಟಿಗೆ ತನ್ನಿ. ಈಗ ನಿಮ್ಮ ಮೇಲೆ ಕತ್ತರಿ ಇಟ್ರೆ ಗಾಯ ಕೂಡಲ್ಲ. ಯಾವ ಡಾಕ್ಟರಾದ್ರೂ ಮಾಡ್ತೀನಿ ಅಂದ್ರೆ ಎದ್ದು ಬನ್ನಿ."

ಮೆತ್ತಗೇ ಹೇಳಿದರು. ಆದರೂ ದೊಡ್ಡವಳ ಕಿವಿ ಬಿಸಿಯಾಯಿತು. ಕೇಳಬಾರದಿತ್ತು. ಕೇಳದೆ ಇದ್ದಿದ್ದರೆ 'ನನಗೆ ಬೇಡ' ಎಂದುಕೊಂಡು ಇರಬಹುದಿತ್ತು. ಈಗ 'ನಿನಗಿಲ್ಲ' ಎಂದಾಯಿತು. ಬೇಡ ಎನ್ನುವವಳ ನಡಿಗೆಯೇ ಬೇರೆ, ಇಲ್ಲ ಎನ್ನಿಸಿಕೊಂಡವಳ ನಡಿಗೆಯೇ ಬೇರೆ.

ಚಿಕ್ಕವಳನ್ನು ಫೋಟೋ ತೆಗೆಯಲು ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನಲ್ಲಿ ಕೂತಿದ್ದ ದೊಡ್ಡವಳ ಪಕ್ಕಕ್ಕೆ ದಪ್ಪ ಕನ್ನಡಕದ ನರ್ಸು ಬಂದು ಕೂತಳು.

"ಮನೇಲಿ ನೋಡ್ಕೊಳ್ಳೋರು ನೀವೇನಾ?"

"ಹೂಂ."

"ಹಾಗಾದ್ರೆ ನಿಮಗೇ ಹೇಳ್ತೀನಿ. ಡಾಕ್ಟ್ರು ಸಿಗರೇಟು ಕೇಳ್ತಾರೆ, ಹೆಂಗಸ್ರು ಇಲ್ಲ ಅಂತಾರೆ. ಆದ್ರೆ ನಶ್ಯ ಏರಿಸೋರು ಇರ್ತಾರೆ, ಹಲ್ಲಿಗೆ ಹೊಗೆಸೊಪ್ಪಿನ ಪುಡಿ ಉಜ್ಜೋರು ಇರ್ತಾರೆ. ಎಲ್ಲಾ ಒಂದೇ. ವಾರಗಟ್ಟಲೆ ಮೊದಲೇ ಬಿಟ್ಟಿರಬೇಕು, ಆದ ಮೇಲೂ ಮುಟ್ಟಬಾರದು. ಅದು ಮೈಯಲ್ಲಿದ್ರೆ ಸಣ್ಣ ರಕ್ತನಾಳಗಳೆಲ್ಲ ಮುದುರ್ಕೊಂಡಿರುತ್ತೆ, ಹೊಲಿದ ಅಂಚಿಗೆ ರಕ್ತ ಹೋಗಲ್ಲ. ಚರ್ಮ ಕಪ್ಪಾಗಿ ಸತ್ತೋಗುತ್ತೆ. ನಾನು ಕಣ್ಣಾರೆ ನೋಡಿದೀನಿ. ಆ ಹೆಂಗಸು ತಿಂಗಳಾನುಗಟ್ಟಲೆ ಡ್ರೆಸ್ಸಿಂಗ್ ಮಾಡಿಸ್ಕೊಂಡ್ಲು ಪಾಪ." ನರ್ಸು ಎದ್ದಳು. "ನಿಮ್ಮ ತಂಗಿಗೆ ಅಂಥದ್ದೇನೂ ಇಲ್ಲ ತಾನೆ?"

ಏಪ್ರನ್ನು ಕಳಚಿ ಬಂದಿದ್ದರೂ ಡಬ್ಬಿ ಕೈಚೀಲದಲ್ಲಿತ್ತು. ತೊಡೆಯ ಮೇಲಿದ್ದ ಚೀಲ ಒಮ್ಮೆಲೇ ಭಾರವಾಯಿತು. ಆದರೆ ನರ್ಸು ಉತ್ತರಕ್ಕೆ ಕಾಯಲಿಲ್ಲ. ಒಳಗಿನಿಂದ ಯಾರೋ ಕರೆದರು, ಅವಳು ಹೋದಳು.

ಚಿಕ್ಕವಳು ಬಟ್ಟೆ ಸರಿಪಡಿಸಿಕೊಳ್ಳುತ್ತ ಬಂದಳು. "ಅಯ್ಯಪ್ಪಾ, ಮುಂದಿಂದ, ಪಕ್ಕದಿಂದ, ಹಿಂದಿಂದ ಫೋಟೋ! ಮದುವೇಲೂ ನಂಗೆ ಇಷ್ಟು ಫೋಟೋ ತೆಗೆದಿರ್ಲಿಲ್ಲ. ಆ ಕನ್ನಡಕದವಳು ನಿನ್ ಹತ್ರ ಏನೋ ಹೇಳ್ತಿದ್ಲಲ್ಲ, ಏನಂತೆ?"

ದೊಡ್ಡವಳು ಚೀಲವನ್ನು ತೋಳಿಗೆ ಏರಿಸಿಕೊಂಡಳು.

"ಏನಿಲ್ಲ. ಭಾರ ಎತ್ತಬಾರದಂತೆ."

*

ಹೇಳಬಾರದು ಎಂದು ಅವಳು ಅಂದುಕೊಂಡಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಿದ್ದಳು. ಆದರೆ ಮರುದಿನ ಬೀಗದವನು ರಸ್ತೆಯಾಚೆಯಿಂದ, "ಏನಮ್ಮಾ, ಇನ್ಮೇಲೆ ಒಂದು ದಿಂಬು, ಒಂದು ಬರೀ ಗೌಸು ಅಂತೆ!" ಎಂದು ಕೂಗಿದ. ಚಿಕ್ಕವಳು ಬಿದ್ದು ಬಿದ್ದು ನಕ್ಕಳು. ಆ ದಿನ ಹೇಳಲು ಮನಸ್ಸಾಗಲಿಲ್ಲ.

ಅದರ ಮರುದಿನ ಅತ್ತೆ ಕುರ್ಚಿಯಿಂದಲೇ, "ಚಿಕ್ಕವಳಿಗೆ ಭಾರ ಎತ್ತಿಸ್ಬೇಡ ಕಣಮ್ಮ, ಈಗಿಂದಲೇ ಅಭ್ಯಾಸ ಆಗ್ಲಿ," ಎಂದಳು. ದೊಡ್ಡವಳು ಮೂರನೆಯ ಮಗುವಿಗೆ ತುಂಬು ಬಸುರಿಯಾಗಿದ್ದಾಗ ಜೋಡಿ ಹಾಸಿಗೆಯನ್ನು ಹೆಗಲ ಮೇಲೆ ಹೊತ್ತು ಮಹಡಿ ಹತ್ತಿದ್ದಳು. ಆಗ ಇದೇ ಕುರ್ಚಿ ಇತ್ತು, ಅದರಲ್ಲಿ ಇದೇ ಅತ್ತೆ ಇದ್ದಳು, ಈ ಮಾತೊಂದು ಇರಲಿಲ್ಲ. ಅಂದೂ ಹೇಳಲು ಮನಸ್ಸಾಗಲಿಲ್ಲ.

ಮನಸ್ಸು ಬರುವ ದಿನಕ್ಕೆ ಕಾಯುತ್ತ ಕೂತರೆ ಆ ದಿನ ಬಾಗಿಲಲ್ಲೇ ನಿಂತು ಒಳಗೆ ಬರುವುದಿಲ್ಲ. ಗಿರಾಕಿಗಳು ಚಿಕ್ಕವಳನ್ನು ಜಾಣೆ ಎನ್ನುತ್ತಿದ್ದರು, ಆಮೇಲೆ ದೊಡ್ಡವಳ ಕಡೆ ತಿರುಗಿ, "ನೀವು ಯಾವಾಗ?" ಎನ್ನುತ್ತಿದ್ದರು. ಅವಳ ಗಂಡ, ಗಾಡಿಯಲ್ಲಿ ಹಾಸಿಗೆ ಸಾಗಿಸುವವನು, ಊಟದ ನಡುವೆ, "ಅವಳು ಧೈರ್ಯವಂತೆ ಬಿಡು," ಎಂದ. ಇಪ್ಪತ್ತು ವರ್ಷದಲ್ಲಿ ಆ ಮನುಷ್ಯ ಹೆಂಡತಿಯ ಬಗ್ಗೆ ಹೇಳಿದ ಅತಿ ದೊಡ್ಡ ಹೊಗಳಿಕೆ ಎಂದರೆ 'ಉಪ್ಪು ಸರಿಯಾಗಿದೆ'.

ಒಂದು ದಿನ ಚಿಕ್ಕವಳ ಕಪಾಟಿನಲ್ಲಿ ದಾರದ ಉಂಡೆ ಹುಡುಕುವಾಗ ನೀಲಿ ಗೌನು ಸಿಕ್ಕಿತು. ಹೊಸದು, ಚೀಟಿ ಇನ್ನೂ ಕುತ್ತಿಗೆಯಲ್ಲೇ ಇತ್ತು. ಸೊಂಟದಲ್ಲಿ ಕಿರಿದಾಗಿ, ಕೆಳಗೆ ಹರಡಿಕೊಂಡಿತ್ತು. ದೊಡ್ಡವಳು ಬಾಗಿಲು ಮುಂದೆ ಮಾಡಿ ಗೌನನ್ನು ಮೈಗೆ ಹಿಡಿದು ಕನ್ನಡಿ ನೋಡಿದಳು. ಸೊಂಟದ ಹೊಲಿಗೆ ಅವಳ ಹೊಟ್ಟೆಯ ಮೇಲೆ, ಸಂತೆಯ ನಡುವೆ ಅಮ್ಮನನ್ನು ಕಳೆದುಕೊಂಡ ಮಗುವಿನ ಹಾಗೆ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಂತಿತ್ತು. ಇದನ್ನು ತೊಟ್ಟು ಚಿಕ್ಕವಳು ಬೀದಿಯಲ್ಲಿ ನಡೆಯುತ್ತಾಳೆ. ಪಕ್ಕದಲ್ಲಿ ತಾನು. ನೋಡಿದವರು ಜೋಡಿ ಎನ್ನುವುದಿಲ್ಲ. 'ಮೊದಲು ಹೀಗಿದ್ದಳು, ಆಮೇಲೆ ಹೀಗಾದಳು' ಎಂದು ತೋರಿಸಲು ಪಕ್ಕದಲ್ಲಿ ಇಟ್ಟ ಫೋಟೋ ಎನ್ನುತ್ತಾರೆ.

ಗೌನನ್ನು ಇದ್ದ ಹಾಗೇ ಮಡಿಸಿಟ್ಟಳು.

ಅವತ್ತಿನಿಂದ ಒಂದು ಬದಲಾವಣೆಯಾಯಿತು. ಮೊದಲು ಚಿಕ್ಕವಳು ಕೈ ಚಾಚಿದರೆ ಡಬ್ಬಿ ತೆರೆಯುತ್ತಿದ್ದವಳು ಈಗ ಕೇಳುವ ಮೊದಲೇ ತೆರೆಯತೊಡಗಿದಳು. ಹತ್ತಿ ಬಡಿದಾದರೆ, "ತಗೋ." ಹೊಸ ದಿಂಬು ತುಂಬಿದರೆ, ಧೂಳೇ ಇಲ್ಲದಿದ್ದರೂ, "ತಗೋ." ಚಹಾ ಆದ ಮೇಲೆ, "ತಗೋ."

"ಏನಕ್ಕಾ, ಈಚೆಗೆ ನಿನ್ನ ಕೈ ತುಂಬ ಧಾರಾಳ ಆಗಿದೆ," ಎಂದು ನಗುತ್ತಾ ಚಿಕ್ಕವಳು ಏರಿಸುತ್ತಿದ್ದಳು.

ನಾನೇನು ಬಲವಂತವಾಗಿ ಮೂಗಿಗೆ ತುರುಕುತ್ತಿದ್ದೇನೆಯೇ, ಎಂದು ದೊಡ್ಡವಳು ತನಗೆ ತಾನೇ ಕೇಳಿಕೊಂಡಳು. ಅವಳಾಗಿ ತಾನೆ ಬೆರಳು ಹಾಕುವುದು? ಹೀಗೆ ಕೇಳಿಕೊಂಡಾಗಲೆಲ್ಲ ಒಳ್ಳೆಯ ಉತ್ತರವೇ ಸಿಗುತ್ತಿತ್ತು. ಆದರೂ ದಿನಕ್ಕೆ ನಾಲ್ಕಾರು ಸಲ ಕೇಳಿಕೊಳ್ಳಬೇಕಾಗುತ್ತಿತ್ತು.

*

ಆಪರೇಷನ್ನಿಗೆ ಮುಂಚಿನ ಕೊನೆಯ ತಪಾಸಣೆಗೆ ಹೋಗಬೇಕಾದ ದಿನ ಬೆಳಿಗ್ಗೆ ಒಂದು ಹಾಸಿಗೆ ಬಂತು. ಬೇರೆ ಯಾರೋ ಈಚೆಗೆ ತಾನೆ ಹೊಲಿದಿದ್ದರು. ತಂದವನು, "ಮೂರು ತಿಂಗಳೂ ಬಾಳಲಿಲ್ಲ," ಎಂದು ಗೊಣಗಿ ಇಳಿಸಿ ಹೋದ. ಮೇಲೆ ನೋಡಲು ಚೆಂದ. ಬಿಗಿಯಾಗಿ, ಉಬ್ಬಿಕೊಂಡು, ಹೊಸ ದಾರದಲ್ಲಿ ಒತ್ತೊತ್ತಾಗಿ ಹೊಲಿಗೆ. ಒಂದು ಪಕ್ಕದಲ್ಲಿ ಮಾತ್ರ ಬಾಯಿ ಬಿಟ್ಟಿತ್ತು.

ಇಬ್ಬರೂ ಎದುರುಬದುರು ಕೂತು ಅಂಚು ಹಿಡಿದರು. ದೊಡ್ಡವಳು ಬಾಯಿಬಿಟ್ಟ ಕಡೆ ಹೊಲಿಗೆ ಹಾಕಿ ಎಳೆದಳು. ಪರ್‍ರ್ ಎಂದಿತು. ದಾರ ಹರಿಯಲಿಲ್ಲ, ಬಟ್ಟೆ ಹರಿಯಿತು. ಇನ್ನೊಂದು ಬೆರಳಗಲ ಒಳಗೆ ಹಿಡಿದು ಹೊಲಿಗೆ ಹಾಕಿದಳು. ಪರ್‍ರ್. ಮತ್ತೂ ಒಳಗೆ. ಬಟ್ಟೆ ಒದ್ದೆಯಾದ ಕಾಗದದ ಹಾಗೆ ಕೈಗೇ ಬಂತು.

"ಬಟ್ಟೇಲೇ ಜೀವ ಇಲ್ಲ ಅಕ್ಕಾ," ಎಂದಳು ಚಿಕ್ಕವಳು. "ಸತ್ತ ಬಟ್ಟೇನ ಬಿಗಿಯಾಗಿ ಎಳೆದು ಹೊಲಿದಿದಾರೆ. ಅವರಿಗೆ ಗೊತ್ತಿರಲಿಲ್ವಾ, ಗೊತ್ತಿದ್ದೂ ಹೊಲಿದ್ರಾ?"

ಹರಿದ ಬಾಯಿಂದ ಹತ್ತಿ ಮೆಲ್ಲಗೆ ಹೊರಗೆ ಬರುತ್ತಿತ್ತು.

ಧೂಳಿಗೆ ಚಿಕ್ಕವಳ ಮೂಗು ಸೊರಸೊರ ಎಂದಿತು. ಅಭ್ಯಾಸದಂತೆ ಕೈ ಚಾಚಿದಳು. ದೊಡ್ಡವಳ ಕೈ ಜೇಬಿಗೆ ಹೋಯಿತು, ಅಲ್ಲೇ ನಿಂತಿತು.

"ಖಾಲಿಯಾಗಿದೆ," ಎಂದಳು.

ಅದು ಸುಳ್ಳು. ಡಬ್ಬಿ ತುಂಬಿತ್ತು. ಹಿಂದಿನ ದಿನವಷ್ಟೇ ತಾನೇ ಹೋಗಿ ತುಂಬಿಸಿಕೊಂಡು ಬಂದಿದ್ದಳು.

*

ಡಾಕ್ಟರಮ್ಮ ಚಿಕ್ಕವಳನ್ನು ಮಲಗಿಸಿ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದರು. ಥೇಟು ಬಟ್ಟೆಯ ಥಾನು ನೋಡುವ ಹಾಗೆ. ದೊಡ್ಡವಳು ಕಾಲಿನ ಕಡೆ ನಿಂತಿದ್ದಳು.

"ಚೆನ್ನಾಗಿದೆ. ರಕ್ತದ ರಿಪೋರ್ಟೂ ಚೆನ್ನಾಗಿದೆ. ಮುಂದಿನ ವಾರ ಮಾಡಿಬಿಡೋಣ." ಡಾಕ್ಟರಮ್ಮ ಮೇಜಿಗೆ ಬಂದು ಪೆನ್ನು ಎತ್ತಿಕೊಂಡರು. "ಸಿಗರೇಟು, ತಂಬಾಕು ಇಲ್ಲ ಅಂದಿದ್ರಿ."

"ಇಲ್ಲ ಡಾಕ್ಟ್ರೇ."

ಪೆನ್ನು ಕಾಗದಕ್ಕೆ ತಾಗಿತು.

ದೊಡ್ಡವಳ ಕಣ್ಣ ಮುಂದೆ ಒಂದೇ ಸಲಕ್ಕೆ ಎರಡು ಬಂದವು. ಒಂದು, ನೀಲಿ ಗೌನು. ಇನ್ನೊಂದು, ಹರಿದ ಅಂಚಿನಿಂದ ಹೊರಗೆ ಬರುತ್ತಿದ್ದ ಹತ್ತಿ. ಯಾವುದು ಮೊದಲು ಬಂತು, ಯಾವುದು ಅವಳನ್ನು ತಳ್ಳಿತು ಎಂದು ಆಮೇಲೂ ಅವಳಿಗೆ ತಿಳಿಯಲಿಲ್ಲ. ಚೀಲಕ್ಕೆ ಕೈ ಹಾಕಿ ಹಿತ್ತಾಳೆ ಡಬ್ಬಿ ತೆಗೆದು ಬಿಳಿಯ ಮೇಜಿನ ಮೇಲೆ ಟಕ್ಕೆಂದು ಇಟ್ಟಳು.

"ಏನಿದು?" ಡಾಕ್ಟರಮ್ಮ ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದರು. ಮುಂದಿನ ಕೆಲವು ಗಳಿಗೆ ಆ ಕೋಣೆಯಲ್ಲಿ ವೈದ್ಯಶಾಸ್ತ್ರ ನಡೆಯಲಿಲ್ಲ. ಡಾಕ್ಟರಮ್ಮ ಸೀನಿದರು, ಕನ್ನಡಕದ ನರ್ಸು ಓಡಿ ಬಂದು ಸೀನಿದಳು, ಹೂದಾನಿ ಉರುಳಿತು.

"ಅದು ಪುಡಿ ಡಾಕ್ಟ್ರೇ," ಎಂದಳು ಚಿಕ್ಕವಳು ಏನೂ ಅರ್ಥವಾಗದೆ. "ಧೂಳಿಗೆ. ಅದಕ್ಕೇನೀಗ?"

"ನಶ್ಯ! ದಿನಕ್ಕೆ ಎಷ್ಟು ಸಲ?"

ಚಿಕ್ಕವಳು ದೊಡ್ಡವಳ ಮುಖ ನೋಡಿದಳು. ಲೆಕ್ಕ ಅಕ್ಕನಿಗೇ ಗೊತ್ತು ಎಂಬಂತೆ.

"ತುಂಬಾ ಸಲ," ಎಂದಳು ದೊಡ್ಡವಳು.

ಡಾಕ್ಟರಮ್ಮ ಕಣ್ಣು ಒರೆಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು. ಮುಂದಿನ ವಾರ ಇಲ್ಲ. ಇವತ್ತಿನಿಂದ ಪೂರ್ತಿ ನಿಲ್ಲಿಸಿ, ಎರಡು ತಿಂಗಳು ಬಿಟ್ಟು ಬನ್ನಿ. ಒಂದು ಚಿಟಿಕೆಯೂ ಇಲ್ಲ. ಆಮೇಲೆ ನೋಡೋಣ.

*

ಬಸ್ಸಿನಲ್ಲಿ ಚಿಕ್ಕವಳು ಕಿಟಕಿಯ ಪಕ್ಕ ಕೂತಳು. ಅರ್ಧ ದಾರಿ ಸಾಗಿದ ಮೇಲೆ ಕಿಟಕಿಯ ಗಾಜಿಗೇ ಹೇಳುವಂತೆ ಕೇಳಿದಳು.

"ನಿನಗೆ ಯಾವಾಗ ಗೊತ್ತಾಯ್ತು?"

'ಈಗ ತಾನೆ ಹೊಳೀತು' ಎನ್ನಬಹುದಿತ್ತು. ಚಿಕ್ಕವಳು ನಂಬುತ್ತಿದ್ದಳು. ಅಕ್ಕನೇ ನನ್ನನ್ನು ಉಳಿಸಿದಳು ಎಂದು ಬೀದಿಗೆಲ್ಲ ಸಾರುತ್ತಿದ್ದಳು. ಆ ಹೊಗಳಿಕೆಯ ರುಚಿ ದೊಡ್ಡವಳ ನಾಲಿಗೆಯ ತುದಿಗೆ ಬಂದು ಹೋಯಿತು.

"ಮೊದಲನೇ ದಿನವೇ. ಆ ನರ್ಸು ಹೇಳಿದ್ಲು."

"ಮೊದಲನೇ ದಿನ." ಚಿಕ್ಕವಳು ತಿರುಗಿದಳು. "ಅಂದ್ರೆ ಗೊತ್ತಿದ್ದೂ ಕೊಟ್ಟೆ. ನಾನು ಕೇಳದೇ ಇದ್ರೂ ಕೊಟ್ಟೆ. ಧಾರಾಳ ಅಂದೆ ನಾನು, ಪೆದ್ದಿ!"

"ಹೂಂ."

"ಹೊಟ್ಟೆಕಿಚ್ಚಾ?"

ಮುಂದಿನ ಸೀಟಿನ ಮುದುಕಿ ಕಿವಿ ನೆಟ್ಟಗೆ ಮಾಡಿಕೊಂಡಳು. ದೊಡ್ಡವಳು ತೊಡೆಯ ಮೇಲಿನ ಕೈಗಳನ್ನು ನೋಡಿಕೊಂಡಳು.

"ಹೂಂ," ಎಂದಳು.

ಚಿಕ್ಕವಳು ಎದ್ದು ಹೋಗಿ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಳು.

*

ಹಾಸಿಗೆ ಕೆಲಸದ ತೊಂದರೆ ಎಂದರೆ, ಅದನ್ನು ಒಬ್ಬರೇ ಮಾಡಲಾಗುವುದಿಲ್ಲ. ಎಷ್ಟೇ ಸಿಟ್ಟಿದ್ದರೂ ಅಂಚಿನ ಎರಡು ತುದಿಗೆ ಇಬ್ಬರು ಬೇಕು. ಹಾಗಾಗಿ ಮೂರು ಮೊಳ ದೂರದಲ್ಲಿ ಎದುರುಬದುರು ಕೂತು ಇಬ್ಬರೂ ಅತ್ತೆಯ ಮೂಲಕ ಮಾತಾಡಿದರು.

"ಅತ್ತೆ, ನಿಮ್ಮ ದೊಡ್ಡ ಸೊಸೆಗೆ ಬಿಗಿಯಾಗಿ ಹಿಡ್ಕೊಳ್ಳೋಕೆ ಹೇಳಿ."

"ಅತ್ತೆ, ಹಿಡ್ಕೊಂಡೇ ಇದೀನಿ ಅಂತ ಹೇಳಿ."

"ನಾನೇನು ಪೋಸ್ಟ್ ಆಫೀಸಾ?" ಎಂದಳು ಅತ್ತೆ. ಬಸ್ಸಿನ ಮಾತು ಇಬ್ಬರೂ ಅವಳಿಗೆ ಹೇಳಿರಲಿಲ್ಲ. ಚಿಕ್ಕವಳು ಯಾರಿಗೂ ಹೇಳಲಿಲ್ಲ. ಅದನ್ನು ಗಮನಿಸಿದಾಗ ದೊಡ್ಡವಳಿಗೆ, ಬೈದಿದ್ದರೇ ವಾಸಿಯಿತ್ತು ಎನ್ನಿಸಿತು. ಒಳ್ಳೆಯತನದಲ್ಲೂ ಅವಳೇ ಮುಂದೆ!

ಪುಡಿ ಬಿಟ್ಟ ಮೊದಲ ವಾರಗಳಲ್ಲಿ ಚಿಕ್ಕವಳು ಮೂಗು ತಿಕ್ಕಿಕೊಂಡು, ತಲೆ ಹಿಡಿದುಕೊಂಡು, ಅವಳಿಗಳ ಮೇಲೆ ರೇಗಿಕೊಂಡು ಓಡಾಡಿದಳು. ಒಂದು ಬೆಳಿಗ್ಗೆ ಅಂಗಡಿಗೆ ಬಂದರೆ ಇಬ್ಬರ ಏಪ್ರನ್ನಿನ ಪಕ್ಕದಲ್ಲಿ ಎರಡು ಬಟ್ಟೆಯ ಮುಖಗವುಸು ತೂಗುತ್ತಿದ್ದವು, ದೊಡ್ಡವಳು ದಿಂಬಿನ ಗೌಸಿನ ತುಂಡಿನಿಂದ ಹೊಲಿದವು. ಡಬ್ಬಿ ಎಲ್ಲೂ ಇರಲಿಲ್ಲ. ದೊಡ್ಡವಳೂ ಏರಿಸುವುದು ಬಿಟ್ಟಿದ್ದಳು. ಯಜಮಾನಿಕೆಯ ಗುರುತು ಎಲ್ಲಿ ಎಂದು ಅತ್ತೆ ಕೇಳಿದಾಗ, "ಡಾಕ್ಟ್ರ ಮೇಜಿನ ಮೇಲೆ ಬಿಟ್ಟುಬಂದೆ," ಎಂದಳು. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನೂ ಅವಳು ನಿಲ್ಲಿಸಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ.

ಚಿಕ್ಕವಳು ಮುಖಗವುಸು ಕಟ್ಟಿಕೊಂಡಳು. ಥ್ಯಾಂಕ್ಸೂ ಹೇಳಲಿಲ್ಲ, ಕಿತ್ತೂ ಎಸೆಯಲಿಲ್ಲ.

ಎರಡು ತಿಂಗಳು ಕಳೆದು ಆಪರೇಷನ್ ಆಯಿತು. ನೋಡಿಕೊಳ್ಳಲು ಚಿಕ್ಕವಳ ಅಮ್ಮ ಬಂದಿದ್ದಳು. ದೊಡ್ಡವಳು ಒಬ್ಬಳೇ ಅಂಗಡಿ ನೋಡಿಕೊಂಡಳು. ಚಿಕ್ಕವಳು ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ, ಕೊಕ್ಕೆಯ ಹಾಗೆ ಬಗ್ಗಿ ನಡೆಯುತ್ತಿದ್ದಾಳೆ ಎಂದು ಅತ್ತೆಯಿಂದ ಕೇಳಿದಳು. ಅವಳ ಕೋಣೆಗೆ ಹೋಗಿ ನೋಡಲು ಕಾಲು ಬರಲಿಲ್ಲ. ಎರಡನೆಯ ದಿನ ಚಿಕ್ಕವಳ ಅಮ್ಮನೇ ಅಂಗಡಿ ಬಾಗಿಲಿಗೆ ಬಂದಳು.

"ನಿಮ್ಮನ್ನೇ ಕರೀತಿದಾಳೆ ಕಣಮ್ಮ. ನನ್ನ ಕೈಲಿ ಪಟ್ಟಿ ಬಿಚ್ಚಿಸ್ಕೊಳ್ಳಲ್ಲ ಅಂತ ಹಟ."

ಚಿಕ್ಕವಳು ಬೆನ್ನಿಗೆ ದಿಂಬುಗಳನ್ನು ಒಟ್ಟಿಕೊಂಡು, ಮಂಡಿಯ ಕೆಳಗೂ ಒಂದು ದಿಂಬಿಟ್ಟುಕೊಂಡು ಮಲಗಿದ್ದಳು. ಮುಖ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಕೊಳವೆ, ಅದರ ತುದಿಯಲ್ಲಿ ಕೆಂಪು ನೀರಿನ ಬುರುಡೆ. ದೊಡ್ಡವಳು ಬಾಗಿಲಲ್ಲೇ ನಿಂತಳು.

"ಬಾ ಒಳಗೆ. ಪಟ್ಟಿ ಬಿಚ್ಚಿ ಅಂಚು ನೋಡು. ಕಪ್ಪಾಗಿದೆಯಾ ಅಂತ ದಿನಾ ನೋಡ್ಬೇಕಂತೆ."

"ನಿಮ್ಮಮ್ಮ ಇದ್ದಾರಲ್ಲ."

"ಅಮ್ಮ ಕಣ್ಣು ಮುಚ್ಕೊಂಡೇ ಎಲ್ಲಾ ಚೆನ್ನಾಗಿದೆ ಅಂತಾಳೆ. ಅವಳಿಗೆ ಚೆನ್ನಾಗಿರಬೇಕು ಅಂತ ಆಸೆ, ಹಾಗಾಗಿ ಚೆನ್ನಾಗೇ ಕಾಣುತ್ತೆ." ಚಿಕ್ಕವಳು ಮೊದಲ ಸಲ ನೇರವಾಗಿ ಅವಳ ಕಣ್ಣು ನೋಡಿದಳು. "ನೀನಾದ್ರೆ ಎಲ್ಲಿ ಕೆಟ್ಟಿದೆ ಅಂತ ಹುಡುಕ್ತೀಯ. ಒಂದು ಚುಕ್ಕಿನೂ ಬಿಡಲ್ಲ. ನನಗೆ ಈಗ ಆ ಕಣ್ಣೇ ಬೇಕು."

ದೊಡ್ಡವಳು ಕೈ ತೊಳೆದು ಬಂದು ಮಂಡಿಯೂರಿದಳು. ಪಟ್ಟಿ ಸಡಿಲಿಸಿದಳು. ಈ ಸೊಂಟದಿಂದ ಆ ಸೊಂಟದವರೆಗೆ ಗೆರೆ. ಮಡಿಕೆ ಇದ್ದ ಜಾಗ ಸಮವಾಗಿತ್ತು, ಊದಿಕೊಂಡಿತ್ತು, ನಡುವೆ ಹೊಕ್ಕುಳ ಹೊಸ ಕಾಜಾದಲ್ಲಿ ಬಿಗುಮಾನದಿಂದ ಕೂತಿತ್ತು. ಎಷ್ಟು ಚೆನ್ನಾಗಿದೆ, ಎಂದು ಎದೆಯೊಳಗೆ ಕಿಡಿ ಹಾರಿತು. ಅದೇ ಹಳೆಯ ಕಿಡಿ, ಒಂದಿಷ್ಟೂ ತಣ್ಣಗಾಗಿರಲಿಲ್ಲ. ಅವಳು ಬೆರಳು ತಾಗಿಸದೆ, ಮೂಗು ಹತ್ತಿರ ತಂದು, ಎಡದ ತುದಿಯಿಂದ ಹೊಲಿಗೆ ಹೊಲಿಗೆಯಾಗಿ ನೋಡುತ್ತ ಬಂದಳು. ಬಲಗಡೆಯ ಕೊನೆಯಲ್ಲಿ ಒಂದು ಕಡೆ ಕಪ್ಪು ಕಂಡಿತು. ಎದೆ ಧಸಕ್ಕೆಂದಿತು. ಅದು ಹೆದರಿಕೆ. ಹೆದರಿಕೆಯೇ ಎಂದು ಗುರುತು ಸಿಕ್ಕಿದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ದೀಪ ಹತ್ತಿರ ತಂದು ನೋಡಿದಳು. ಪಟ್ಟಿಯಿಂದ ಬಿದ್ದ ಕಪ್ಪು ನೂಲು. ಊದಿದರೆ ಹಾರಿಹೋಯಿತು.

"ಏನಿದೆ? ಹೇಳು, ಮುಚ್ಚಿಡ್ಬೇಡ."

"ಏನೂ ಇಲ್ಲ."

"ಸರಿಯಾಗಿ ನೋಡಿದ್ಯಾ?"

"ನನ್ನ ಹಾಗೆ ಯಾರೂ ನೋಡಲ್ಲ. ಎಲ್ಲೂ ಕೆಟ್ಟಿಲ್ಲ. ಹೊಲಿಗೆ ಚೆನ್ನಾಗಿದೆ. ನಮ್ಮಿಬ್ಬರಿಗಿಂತ ಚೆನ್ನಾಗಿ ಹೊಲಿದಿದಾರೆ."

ಚಿಕ್ಕವಳು ಸೂರನ್ನು ನೋಡುತ್ತ ಕೇಳಿದಳು:

"ಬೇಜಾರಾಯ್ತಾ?"

ದೊಡ್ಡವಳು ಪಟ್ಟಿಯ ತುದಿಯನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದಳು.

"ಸ್ವಲ್ಪ," ಎಂದಳು.

ಚಿಕ್ಕವಳ ಹೆಗಲು ಅಲುಗಿತು, ತುಟಿ ಬಿಗಿಯಿತು, ತಡೆಯಲು ಹೋಗಿ ತಡೆಯಲಾರದೆ ಎರಡೂ ಕೈಯಿಂದ ಪ್ರಪಂಚವನ್ನೇ ಹಿಡಿದುಕೊಂಡ ಹಾಗೆ ಹೊಟ್ಟೆ ಹಿಡಿದುಕೊಂಡಳು.

"ಅಯ್ಯೋ, ನಗಿಸ್ಬೇಡ ಕಣೇ ಅಕ್ಕಾ! ಹೊಲಿಗೆ ಎಳೆಯುತ್ತೆ! ಎಳೆಯುತ್ತೆ!"

"ನಗಬೇಡ ಹಾಗಾದ್ರೆ," ಎಂದು ದೊಡ್ಡವಳು ದಿಂಬೊಂದನ್ನು ತೆಗೆದು ಅವಳ ಹೊಟ್ಟೆಗೆ ಆನಿಸಿ, ತನ್ನ ಎರಡೂ ಅಂಗೈಯಿಂದ ಮೆಲ್ಲಗೆ ಒತ್ತಿ ಹಿಡಿದಳು. ನಗು ಇಳಿಯುವವರೆಗೂ ಹಾಗೇ ಹಿಡಿದಿದ್ದಳು.